ಊರ ಲೈಬ್ರರಿಗೆ ಪ್ರಶ್ನೆ ಹೊತ್ತು ಬಂದವರಿಗೆ ಉತ್ತರ ಹುಡುಕಿಕೊಡೋದು ಹೇಗೆ?

"ಕಾನೂನು ಪುಸ್ತಕ ಯಾವ್ದಾದ್ರೂ ಇದೆಯೇನಮ್ಮಾ?"

ಮಳೆಗಾಲದ ಒಂದು ಮಧ್ಯಾಹ್ನ ಹಿರಿಯರೊಬ್ಬರು ಲೈಬ್ರರಿ ಬಾಗಿಲಲ್ಲಿ ಕೊಡೆ ಮಡಚುತ್ತಾ ಹೀಗೆ ಕೇಳಿದರು. ನಾನು ಆಗ ಈ ಕೆಲಸಕ್ಕೆ ಹೊಸಬಳು. ಇದ್ದ ಮೂರು ಕಾನೂನು ಪುಸ್ತಕ ತಂದು ಮೇಜಿನ ಮೇಲಿಟ್ಟೆ. ಅವರು ಒಂದೊಂದನ್ನೂ ತಿರುವಿ ನೋಡಿದರು. ಕನ್ನಡಕ ತೆಗೆದು ಜೇಬಿಗಿಟ್ಟರು. "ಇರ್ಲಿ ಬಿಡು" ಎಂದು ಹೊರಟೇಬಿಟ್ಟರು.

ವಾರದ ಮೇಲೆ ಅಂಗಡಿ ಹತ್ತಿರ ಸಿಕ್ಕಾಗ ವಿಷಯ ತಿಳಿಯಿತು. ಅವರ ಅಪ್ಪ ತೀರಿಕೊಂಡು ಎಷ್ಟೋ ವರ್ಷವಾಗಿದೆ, ಪಹಣಿ ಇನ್ನೂ ಅಪ್ಪನ ಹೆಸರಲ್ಲೇ ಇದೆ. ಅವರಿಗೆ ಬೇಕಿದ್ದದ್ದು ಕಾನೂನು ಪುಸ್ತಕವೇ ಅಲ್ಲ. ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು ಏನೇನು ಕಾಗದ ಬೇಕು ಅನ್ನೋ ಒಂದು ಪಟ್ಟಿ, ಅಷ್ಟೇ. ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿ, ಆಧಾರ್, ಅರ್ಜಿ ಕೊಡೋ ಜಾಗ. ಅರ್ಧ ಹಾಳೆಯಲ್ಲಿ ಬರೆದುಕೊಡಬಹುದಿತ್ತು. ನಾನು ಸಾವಿರ ಪುಟ ತಂದು ಮುಂದಿಟ್ಟಿದ್ದೆ.

ಈ ಲೇಖನ ನನ್ನಂಥವರಿಗೆ. ಗ್ರಾಮ ಪಂಚಾಯಿತಿ ಲೈಬ್ರರಿಗಳು 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಈಗ ಬೋರ್ಡಿನ ಮೇಲೆ "ಅರಿವು ಕೇಂದ್ರ" ಅಂತಲೂ ಇರುತ್ತದೆ. ಒಳಗೆ ಒಂದು ಕೋಣೆ, ನಾಲ್ಕಾರು ಬೀರು, ಅದೃಷ್ಟವಿದ್ದರೆ ಒಂದೆರಡು ಕಂಪ್ಯೂಟರ್. ಮೇಲ್ವಿಚಾರಕರು ಅಂತ ಇರೋದು ಒಬ್ಬರೇ. ಕೇಳಿದ್ದಕ್ಕೆ ಉತ್ತರ ಹುಡುಕಿಕೊಡೋದಕ್ಕೆ ಕಾಲೇಜು ಲೈಬ್ರರಿಯವರು "ರೆಫರೆನ್ಸ್ ಸೇವೆ" ಅನ್ನುತ್ತಾರಲ್ಲ, ಅದನ್ನು ಇಷ್ಟರಲ್ಲೇ ನಡೆಸಬೇಕು. ನಡೆಸಬಹುದು.

ಮೊದಲು ಮೇಜು ಸಜ್ಜಾಗಲಿ

ನಿಘಂಟು, ಅಟ್ಲಾಸು, ಗೆಜೆಟಿಯರ್ ಬೀಗ ಹಾಕಿದ ಬೀರುವಿನಲ್ಲಿದ್ದರೆ ಇದ್ದೂ ಇಲ್ಲದಂತೆ. ನೀವು ಕೂತಲ್ಲಿಂದ ಕೈಗೆ ಸಿಗುವ ಒಂದು ಅರೆ (ಶೆಲ್ಫು) ಖಾಲಿ ಮಾಡಿ. ಅದರಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನ ಸಂಕ್ಷಿಪ್ತ ನಿಘಂಟು (ಎಂಟು ಸಂಪುಟದ ದೊಡ್ಡದು ಇದ್ದರೆ ಭಾಗ್ಯ), ಒಂದು ಇಂಗ್ಲಿಷ್–ಕನ್ನಡ ನಿಘಂಟು, ನಿಮ್ಮ ಜಿಲ್ಲೆಯ ಗೆಜೆಟಿಯರ್, ಕನ್ನಡದಲ್ಲಿ ಸಂವಿಧಾನ, ಒಂದು ಅಟ್ಲಾಸು ಇರಲಿ. ಒಂದರಿಂದ ಹತ್ತರವರೆಗಿನ ಶಾಲಾ ಪಠ್ಯಪುಸ್ತಕಗಳೂ ಇರಲಿ. ಪಠ್ಯಪುಸ್ತಕವನ್ನು ರೆಫರೆನ್ಸ್ ಪುಸ್ತಕ ಅಂತ ಯಾರೂ ಲೆಕ್ಕಕ್ಕಿಡಲ್ಲ. ಆದರೆ ದೊಡ್ಡವರು ಕೇಳುವ ಎಷ್ಟೋ ಪ್ರಶ್ನೆಗೆ ಅಲ್ಲಿರುವಷ್ಟು ಸರಳ ಉತ್ತರ ಬೇರೆಲ್ಲೂ ಸಿಗುವುದಿಲ್ಲ. ಗೋಡೆಗೆ ಒಂದು ಪಂಚಾಂಗದ ಕ್ಯಾಲೆಂಡರ್ ಕೂಡ ಬೇಕು. ನಗಬೇಡಿ. ನನ್ನ ಬಳಿ ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆಗಳಲ್ಲಿ "ಅಮಾವಾಸ್ಯೆ ಯಾವತ್ತು?" ಕೂಡ ಒಂದು.

ಕಂಪ್ಯೂಟರ್ ಇದ್ದರೆ ಬ್ರೌಸರಿನಲ್ಲಿ ಕೆಲವು ಜಾಲತಾಣ ಮೊದಲೇ ಗುರುತು ಹಾಕಿಡಿ: ಪಹಣಿಗೆ ಭೂಮಿ, ಜಾತಿ–ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿ, ಉಳಿದ ಅರ್ಜಿಗಳಿಗೆ ಸೇವಾ ಸಿಂಧು, ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ. ಓದಿಗೆ ಕಣಜ, ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಭಾರತವಾಣಿ, ಮತ್ತೆ ಒಂದೂವರೆ ಲಕ್ಷ ಪದಗಳಿರುವ ಅಲರ್ ಕನ್ನಡ–ಇಂಗ್ಲಿಷ್ ನಿಘಂಟು. ಗೂಗಲ್ಲಿನಲ್ಲಿ ಪ್ರತಿ ಸಲ ಹುಡುಕಲು ಹೋದರೆ ಮೊದಲು ಬರೋದು ಜಾಹೀರಾತು, ಆಮೇಲೆ ಸರ್ಕಾರಿ ಹೆಸರನ್ನೇ ಹೋಲುವ ಖಾಸಗಿ ತಾಣ. ವಿಳಾಸ "ಗವ್ ಡಾಟ್ ಇನ್" ಎಂದು ಮುಗಿಯುತ್ತದಾ ಅಂತ ನೋಡುವ ಅಭ್ಯಾಸ ನಿಮಗಿರಲಿ, ಪಕ್ಕದಲ್ಲಿ ಕೂತವರಿಗೂ ಅದನ್ನು ತೋರಿಸಿ.

ಫೋನ್ ನಂಬರಿನ ಹಾಳೆ ಒಂದು. ತುರ್ತಿಗೆ 112, ಆಂಬುಲೆನ್ಸ್ 108, ಮಕ್ಕಳಿಗೆ 1098, ಹೆಣ್ಣುಮಕ್ಕಳಿಗೆ 181, ಆನ್‌ಲೈನಿನಲ್ಲಿ ದುಡ್ಡು ಹೋದರೆ 1930, ಉಚಿತ ಕಾನೂನು ನೆರವಿಗೆ 15100. ಇದರ ಕೆಳಗೆ ನಿಮ್ಮ ಊರಿನವರ ಪಟ್ಟಿ: ಆಶಾ ಕಾರ್ಯಕರ್ತೆ, ಗ್ರಾಮ ಆಡಳಿತ ಅಧಿಕಾರಿ (ಜನ ಇನ್ನೂ ವಿ.ಎ. ಅಂತಲೇ ಕರೆಯೋದು), ಪಶು ಆಸ್ಪತ್ರೆಯವರು, ನಿವೃತ್ತ ಮೇಷ್ಟ್ರು, ಹಳೇ ಹಾಡು ಬಲ್ಲ ಅಜ್ಜಿ. ಇವರನ್ನೆಲ್ಲ ಒಂದು ಮಾತು ಕೇಳಿಯೇ ಹೆಸರು ಬರೆದುಕೊಳ್ಳಿ. ನಮ್ಮಂಥ ಕಡೆ ಪುಸ್ತಕಕ್ಕಿಂತ ಜನರೇ ಜಾಸ್ತಿ ಉಪಯೋಗಕ್ಕೆ ಬರ್ತಾರೆ.

ಪ್ರಶ್ನೆಯನ್ನು ಬಿಡಿಸಿ ಕೇಳಿ

ಕಾನೂನು ಪುಸ್ತಕದ ಆ ಹಿರಿಯರ ಬಳಿ ನಾನು ಕೇಳಬೇಕಿದ್ದದ್ದು ಒಂದೇ ಮಾತು. "ಯಾವ ವಿಷಯಕ್ಕೆ ಬೇಕಿತ್ತು ಅಂತ ಹೇಳಿದ್ರೆ ಸರಿಯಾದ್ದೇ ಹುಡುಕ್ತೀನಿ ಅಣ್ಣಾ."

"ಯಾಕೆ?" ಅಂತ ಕೇಳಬೇಡಿ. ಅದು ವಿಚಾರಣೆ ಥರ ಕೇಳಿಸುತ್ತದೆ. ಜನ ಲೈಬ್ರರಿಗೆ ಬಂದು ದೊಡ್ಡ ಮಾತೇ ಆಡುತ್ತಾರೆ. ಕೃಷಿ ಪುಸ್ತಕ ಇದೆಯಾ, ಆರೋಗ್ಯದ ಪುಸ್ತಕ ಇದೆಯಾ, ಇತಿಹಾಸ ಇದೆಯಾ. ಒಳಗಿರುವ ಪ್ರಶ್ನೆ ಸಣ್ಣದು, ಅವತ್ತಿನದು. ಹೇಳಿಕೊಳ್ಳಲು ಸಂಕೋಚ, ಅಥವಾ "ಇಲ್ಲೆಲ್ಲ ಇಂಥದ್ದು ಕೇಳಬಾರದು" ಅನ್ನೋ ಭಾವನೆ. ಜೂನ್ ತಿಂಗಳಲ್ಲಿ ನಡೆದ ಒಂದು ಮಾತುಕತೆ ನೋಡಿ:

"ಅಕ್ಕಾ, ಅಡಿಕೆ ಪುಸ್ತಕ ಕೊಡಿ."
"ಇದೆ ತಮ್ಮಾ. ಗಿಡ ಹಾಕೋದಕ್ಕಾ, ರೋಗಕ್ಕಾ?"
"ಕೊಳೆಗೆ. ಔಷಧಿ ಹೊಡೀಬೇಕಲ್ಲ."
"ಬೋರ್ಡೋನಾ? ಅಳತೆ ಬೇಕಿತ್ತಾ?"
"ಹೂಂ. ಅಪ್ಪ ಒಂದು ಹೇಳ್ತಾರೆ, ಅಂಗಡಿಯವ್ರು ಒಂದು ಹೇಳ್ತಾರೆ."
"ಹಾಗಾದ್ರೆ ಶೇಕಡಾ ಒಂದರ ಬೋರ್ಡೋ ದ್ರಾವಣಕ್ಕೆ ಎಷ್ಟೆಷ್ಟು ಹಾಕಬೇಕು ಅಂತ ತಾನೇ?"

ನಾಲ್ಕು ಮಾತಿನಲ್ಲಿ "ಅಡಿಕೆ ಪುಸ್ತಕ" ಅನ್ನೋದು ಒಂದು ಪುಟಕ್ಕೆ ಇಳಿಯಿತು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ನನಗೆ ಇದು ಬಾಯಿಪಾಠ. ಆದರೂ ಪುಟ ತೆಗೆದೇ ತೋರಿಸಿದೆ, ಅವನ ಫೋನಿನಲ್ಲಿ ಫೋಟೋ ಹೊಡೆಸಿದೆ. ಮನೆಯಲ್ಲಿ ಅಪ್ಪನ ಮುಂದೆ "ಲೈಬ್ರರಿ ಅಕ್ಕ ಹೇಳಿದ್ರು" ಅಂದರೆ ನಡೆಯಲ್ಲ. ಅಚ್ಚಾದದ್ದು ತೋರಿಸಿದರೆ ನಡೆಯುತ್ತದೆ.

ಪುಟ ಹುಡುಕುವ ಮೊದಲು ನಾನು ಪ್ರಶ್ನೆಯನ್ನು ತಿರುಗಿ ಹೇಳಿದ್ದು ಗಮನಿಸಿ. "ಹಾಗಾದ್ರೆ ನಿಮಗೆ ಬೇಕಿರೋದು ಇಂಥದ್ದು, ಅಲ್ವಾ?" ಎನ್ನದೆ ಕುರ್ಚಿಯಿಂದ ಏಳಬೇಡಿ. ಹತ್ತರಲ್ಲಿ ಮೂರು ಸಲ "ಅಲ್ಲ ಅಲ್ಲ" ಅನ್ನುತ್ತಾರೆ. ಆ ಮೂರು ಸಲ ನಿಮ್ಮ ಅರ್ಧ ಗಂಟೆ ಉಳಿಯಿತು. ಜೊತೆಗೆ ಯಾವಾಗ ಬೇಕು ಅಂತಲೂ ಕೇಳಿ. ಮಕ್ಕಳ ಪ್ರಾಜೆಕ್ಟು ಯಾವಾಗಲೂ ನಾಳೆ ಬೆಳಿಗ್ಗೆಗೇ ಇರುತ್ತದೆ. ಮಕ್ಕಳ ವಿಷಯದಲ್ಲಿ ಇನ್ನೊಂದು: ಟೀಚರ್ ಬರೆಸಿದ ಸಾಲನ್ನು ನೋಟ್‌ಬುಕ್ಕಿನಲ್ಲೇ ನೋಡಿ. ಬಾಯಲ್ಲಿ ಹೇಳುವಾಗ "ಕದಂಬರು" ಕಾದಂಬರಿ ಆಗಿರುತ್ತದೆ.

ಕೆಲವು ಪ್ರಶ್ನೆ ಪೇಪರ್ ಓದುತ್ತಾ ಕೂತವರ ಮುಂದೆ ಬಾಯಿಗೆ ಬರುವುದಿಲ್ಲ. ಹೆಣ್ಣುಮಗಳೊಬ್ಬಳು ಬಂದು ಸುಮ್ನೆ ವಾರಪತ್ರಿಕೆ ತಿರುವುತ್ತಾ, ನಿಮ್ಮ ಕಡೆಯೇ ನೋಡುತ್ತಿದ್ದರೆ ಎದ್ದು ಹೋಗಿ. "ಈ ಪುಸ್ತಕ ಜೋಡಿಸೋಕೆ ಸ್ವಲ್ಪ ಬರ್ತೀಯಾ ತಂಗಿ?" ಅಂತ ಹಿಂದಿನ ಬೀರು ಹತ್ತಿರ ಕರೆದುಕೊಳ್ಳಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ನೆರವು ಉಚಿತ ಅನ್ನೋದು ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಅಲ್ಲಿ ಕೇಳಿದ್ದು ಅಲ್ಲಿಗೇ ಮುಗಿಯಬೇಕು. ಊರು ಚಿಕ್ಕದು. ಒಂದು ಸಲ ಮಾತು ಹೊರಗೆ ಹೋದರೆ ಆಮೇಲೆ ನಿಮ್ಮ ಬಳಿ ಅಮಾವಾಸ್ಯೆ ಬಿಟ್ಟು ಬೇರೇನೂ ಯಾರೂ ಕೇಳಲ್ಲ.

ಹುಡುಕೋದು: ಒಂದು ಕಲ್ಲಿನ ಕತೆ

ಪಿಯುಸಿ ಹುಡುಗನೊಬ್ಬ ಬಂದು "ನಮ್ಮೂರ ಇತಿಹಾಸ ಬೇಕು" ಅಂದ. ಬಿಡಿಸಿ ಕೇಳಿದಾಗ ಗೊತ್ತಾಯಿತು, ಅವನಿಗೆ ಬೇಕಿದ್ದದ್ದು ಈಶ್ವರ ದೇವಸ್ಥಾನದ ಹಿಂದೆ ಮಣ್ಣಲ್ಲಿ ಅರ್ಧ ಹೂತ ವೀರಗಲ್ಲಿನ ಮೇಲೆ ಏನು ಬರೆದಿದೆ ಅನ್ನೋದು. ನಮ್ಮದು ಸೊರಬ ತಾಲ್ಲೂಕು. ಇಲ್ಲಿ ಎರಡು ಊರಿಗೊಂದು ಕಲ್ಲು ಸಿಗುತ್ತದೆ, ಹಾಗಾಗಿ ಈ ಪ್ರಶ್ನೆ ನಿಮಗೂ ಬರಬಹುದು.

ಇದಕ್ಕೆ ಹೋಗಬೇಕಾದ ಜಾಗ ಎಪಿಗ್ರಾಫಿಯಾ ಕರ್ನಾಟಿಕಾ. ಬಿ.ಎಲ್. ರೈಸ್ ಅವರು ಹಳೇ ಮೈಸೂರು ಸೀಮೆ ಮತ್ತು ಕೊಡಗಿನ ಶಾಸನಗಳನ್ನು ಜಿಲ್ಲೆ, ತಾಲ್ಲೂಕು, ಊರು ಪ್ರಕಾರ ಜೋಡಿಸಿ ತಂದ ಹನ್ನೆರಡು ಸಂಪುಟಗಳು. ಒಂದೊಂದು ಶಾಸನಕ್ಕೂ ಕನ್ನಡ ಲಿಪಿಯ ಪಾಠ, ರೋಮನ್ ಲಿಪಿಯ ಪಾಠ, ಇಂಗ್ಲಿಷ್ ಅನುವಾದ ಇದೆ. ಕೊಡಗು ಒಂದನೇ ಸಂಪುಟ, ಶ್ರವಣಬೆಳಗೊಳ ಎರಡು, ಮೈಸೂರು ಜಿಲ್ಲೆ ಮೂರು ಮತ್ತು ನಾಲ್ಕು, ಹಾಸನ ಐದು, ಕಡೂರು ಅಂದರೆ ಈಗಿನ ಚಿಕ್ಕಮಗಳೂರು ಆರು, ಶಿವಮೊಗ್ಗ ಏಳು ಮತ್ತು ಎಂಟು, ಬೆಂಗಳೂರು ಒಂಬತ್ತು, ಕೋಲಾರ ಹತ್ತು, ಚಿತ್ರದುರ್ಗ ಹನ್ನೊಂದು, ತುಮಕೂರು ಹನ್ನೆರಡು. ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಓದಬಹುದು. ಉತ್ತರ ಕರ್ನಾಟಕದವರು ಇದರಲ್ಲಿ ಹುಡುಕಿ ಸುಸ್ತಾಗಬೇಡಿ. ಹಂಪಿ ಕನ್ನಡ ವಿಶ್ವವಿದ್ಯಾಲಯದ ಶಾಸನ ಸಂಪುಟಗಳನ್ನು ನೋಡಿ. ಮೈಸೂರು ವಿಶ್ವವಿದ್ಯಾನಿಲಯ ಆಮೇಲೆ ತಂದ ಪರಿಷ್ಕೃತ ಸಂಪುಟಗಳ ನಂಬರ್ ಬೇರೆ, ರೈಸ್ ಅವರ ನಂಬರ್ ಬೇರೆ. ಯಾರಾದರೂ "ಏಳನೇ ಸಂಪುಟ" ಅಂದರೆ ಯಾವುದರ ಏಳು ಅಂತ ಕೇಳಿಕೊಳ್ಳಿ.

ಸೊರಬ, ಸಾಗರ, ನಗರ, ತೀರ್ಥಹಳ್ಳಿ ಇರೋದು 1904ರಲ್ಲಿ ಬಂದ ಎಂಟನೇ ಸಂಪುಟದಲ್ಲಿ. ತೆಗೆದು ನೋಡಿದೆವು. ಹುಡುಗನ ಊರಿನ ಹೆಸರೇ ಇಲ್ಲ.

ಇಲ್ಲಿ ಬಹಳ ಜನ ಕೈಬಿಡುತ್ತಾರೆ. ಬಿಡಬೇಡಿ. ಮೊದಲು ಹಳೆಯ ಸ್ಪೆಲ್ಲಿಂಗ್‌ಗಳನ್ನು ಹಾಕಿ ನೋಡಿ. ಆ ಪುಸ್ತಕದಲ್ಲಿ ಶಿವಮೊಗ್ಗ "ಶಿಮೊಗ", ಸೊರಬ "ಸೊರಬ್". ಅದೂ ಆಗದಿದ್ದರೆ ಅಕ್ಕಪಕ್ಕದ ಊರಿನ ಹೆಸರು ಹಾಕಿ. ನಮಗೆ ಅದೂ ಸಿಗಲಿಲ್ಲ. ಆಗ ಪಟ್ಟಿಯಲ್ಲಿದ್ದ ನಿವೃತ್ತ ಮೇಷ್ಟ್ರಿಗೆ ಫೋನ್ ಮಾಡಿದೆ. ಅವರು ಅಂದದ್ದು, "ಆ ದೇವಸ್ಥಾನ ಇರೋ ಜಾಗ ನಿಮ್ಮೂರಿಗೆ ಸೇರಿದ್ದೇ ಅಲ್ಲ ಕಣಮ್ಮಾ, ಅದು ಬೇಚರಾಕ್." ಮನೆಗಳೆಲ್ಲ ಖಾಲಿಯಾಗಿ ಕಂದಾಯದ ದಾಖಲೆಯಲ್ಲಿ ಮಾತ್ರ ಉಳಿದಿರೋ ಊರು. ಪಹಣಿಯಲ್ಲಿ ಆ ಹೆಸರು ನೋಡಿದೆವು, ಪುಸ್ತಕದಲ್ಲಿ ಆ ಹೆಸರು ಹುಡುಕಿದೆವು, ಕಲ್ಲು ಅಲ್ಲಿತ್ತು.

ಪಾಠ ಸಿಕ್ಕಿತು, ಅರ್ಥ ಆಗಬೇಕಲ್ಲ. ಹಳಗನ್ನಡದ ಪದ ನಿಘಂಟಿನಲ್ಲಿ ಸಿಗದಿದ್ದರೆ ಒಂದು ಉಪಾಯ ಇದೆ. ಈಗ ಹ ಇರುವ ಕಡೆ ಆಗ ಪ ಇರುತ್ತಿತ್ತು. ಪುಲಿ ಅಂದರೆ ಹುಲಿ, ಪಳ್ಳಿ ಅಂದರೆ ಹಳ್ಳಿ. ಇಂಥ ಕಲ್ಲುಗಳಲ್ಲಿ "ತುರು" ಅನ್ನೋದು ಮತ್ತೆ ಮತ್ತೆ ಬರುತ್ತದೆ. ಅಂದರೆ ದನ. ದನ ಹೊಡೆದುಕೊಂಡು ಹೋದವರ ಮೇಲೆ ಬಿದ್ದು, ದನ ಬಿಡಿಸಿ, ತಾನು ಸತ್ತವನು. ನಮ್ಮ ಕಲ್ಲಿನ ಕತೆಯೂ ಅದೇ. ಹುಡುಗ ಸ್ವಲ್ಪ ನಿರಾಸೆಯಿಂದಲೇ "ರಾಜ ಅಲ್ವಾ ಹಾಗಾದ್ರೆ?" ಅಂದ.

ಈ ಹುಡುಕಾಟದಲ್ಲಿ ಪುಸ್ತಕ, ಮನುಷ್ಯ, ಸರ್ಕಾರಿ ದಾಖಲೆ ಮೂರೂ ಬೇಕಾದವು. ನಾನು ಸಾಮಾನ್ಯವಾಗಿ ಇದೇ ಸಾಲು ಹಿಡಿಯುತ್ತೇನೆ: ಮೊದಲು ಅರೆ, ಆಮೇಲೆ ಫೋನು, ಕೊನೆಗೆ ನೆಟ್ಟು. ನೆಟ್ಟಿನಲ್ಲಿ ಹುಡುಕುವಾಗ ಕನ್ನಡದಲ್ಲಿ ಎರಡು ಮೂರು ಥರ ಟೈಪ್ ಮಾಡಿ. ಪಂಚಾಯಿತಿ, ಪಂಚಾಯತ್, ಪಂಚಾಯ್ತಿ ಮೂರಕ್ಕೂ ಬೇರೆ ಬೇರೆ ಉತ್ತರ ಬರುತ್ತದೆ. ಈಗೀಗ ಮಕ್ಕಳು ಎಐ ಕೊಟ್ಟ ಉತ್ತರವನ್ನೇ ಹಿಡಿದು ಬಂದು "ಈ ಪುಸ್ತಕ ಕೊಡಿ" ಅನ್ನುತ್ತಾರೆ. ಒಮ್ಮೆ ಅಂಥ ಪುಸ್ತಕ ಒಂದನ್ನು ಅರ್ಧ ದಿನ ಹುಡುಕಿದೆ. ಅದು ಇರಲೇ ಇಲ್ಲ.

ಕೊಡುವಾಗ ತಾರೀಖು ನೋಡಿ

ಪ್ರತಿ ಉತ್ತರದ ಜೊತೆ ಎರಡು ವಿಷಯ ಹೇಳಿ: ಎಲ್ಲಿಂದ ಸಿಕ್ಕಿತು, ಯಾವಾಗಿನದು. ನಾನು ಇದನ್ನು ಕಲಿತದ್ದು ಬೆವರುತ್ತಾ. ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ನಮ್ಮ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲೇ. ಚಳಿಗಾಲ ಮುಗಿಯುತ್ತಾ ಬಂದಂತೆ ಲೈಬ್ರರಿಗೂ ಅದರ ಪ್ರಶ್ನೆ ಬರುತ್ತದೆ. ಒಬ್ಬಾಕೆ ಬಂದು, ಗಂಡ ದಿನಾ ದರಗು (ಒಣ ಎಲೆ) ತರಲು ಕಾಡಿಗೆ ಹೋಗ್ತಾರೆ, ಇಂಜೆಕ್ಷನ್ ಯಾವಾಗ ಹಾಕಿಸೋದು ಅಂತ ಕೇಳಿದರು. ಬಂದ ಕಾಗದಗಳನ್ನು ಕೂಡಿಡುವ ನನ್ನ ಬಾಕ್ಸ್ ಫೈಲಿನಲ್ಲಿ ಕರಪತ್ರ ಇತ್ತು. ಲಸಿಕೆ ಹಾಕಿಸಿಕೊಳ್ಳಿ ಅಂತ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಕೊಡಲು ಹೊರಟವಳು ಯಾಕೋ ನಿಂತು ಆಶಾ ಅಕ್ಕನಿಗೆ ಫೋನ್ ಮಾಡಿದೆ. ಆ ಲಸಿಕೆಯನ್ನು 2022ರಲ್ಲೇ ನಿಲ್ಲಿಸಿದ್ದಾರೆ. ಉಣುಗು ಕಚ್ಚದಂತೆ ಮೈಗೆ ಹಚ್ಚಿಕೊಳ್ಳುವ ಎಣ್ಣೆ ಆರೋಗ್ಯ ಕೇಂದ್ರದಲ್ಲಿ ಕೊಡುತ್ತಾರೆ, ಸತ್ತ ಮಂಗ ಕಂಡರೆ ಮುಟ್ಟದೆ ತಿಳಿಸಬೇಕು, ಜ್ವರ ಬಂದರೆ ತಡ ಮಾಡಬಾರದು. ಅವತ್ತೇ ಕೂತು ಬಾಕ್ಸ್ ಫೈಲಿನ ಪ್ರತಿ ಕಾಗದದ ಮೂಲೆಯಲ್ಲೂ ಬಂದ ತಾರೀಖು ಬರೆದೆ. ತಾರೀಖೇ ಗೊತ್ತಿಲ್ಲದವು ಹನ್ನೊಂದು ಇದ್ದವು, ರದ್ದಿಗೆ ಹಾಕಿದೆ.

ಆರೋಗ್ಯ, ಕಾನೂನು, ದುಡ್ಡು ಈ ಮೂರರಲ್ಲಿ ನಮ್ಮ ಕೆಲಸ ಓದಿ ಹೇಳೋದು, ತೋರಿಸೋದು. "ನೀವು ಹೀಗೆ ಮಾಡಿ" ಅನ್ನೋದು ಡಾಕ್ಟರ, ವಕೀಲರ ಕೆಲಸ. ಶುಗರ್ ಮಾತ್ರೆ ಅರ್ಧ ಮಾಡಬಹುದಾ ಅಂತ ಕೇಳಿದರೆ ಉತ್ತರ ಗೊತ್ತಿದ್ದರೂ ಹೇಳಬೇಡಿ.

ಲೈಬ್ರರಿ ಕಂಪ್ಯೂಟರಿನಲ್ಲಿ ಅರ್ಜಿ ಹಾಕುವಾಗ ಪಾಸ್‌ವರ್ಡು, ಒಟಿಪಿ ಅವರೇ ಒತ್ತಲಿ. ಬೆರಳು ನಡುಗಿದರೂ ಕಾಯಿರಿ. ಮುಗಿದ ಮೇಲೆ ಲಾಗೌಟ್ ಮಾಡಿ, ಡೌನ್‌ಲೋಡ್ ಆದ ಆಧಾರ್, ಪಹಣಿ ಎಲ್ಲ ಅಳಿಸಿ. ಸಂಜೆ ಬಾಗಿಲು ಹಾಕುವ ಮುಂಚೆ ಆ ಫೋಲ್ಡರ್ ಮತ್ತೊಮ್ಮೆ ನೋಡಿ. ಏನಾದರೂ ಒಂದು ಉಳಿದೇ ಇರುತ್ತದೆ.

ಸಿಗದೇ ಹೋದರೆ

"ಗೊತ್ತಿಲ್ಲ" ಅನ್ನೋದಕ್ಕೆ ನಾಚಿಕೆ ಬೇಡ. "ನನಗೂ ಗೊತ್ತಿಲ್ಲ, ಗುರುವಾರದ ತನಕ ಟೈಮ್ ಕೊಡಿ" ಅನ್ನಿ, ಗುರುವಾರ ಅವರು ಬರುವ ಮುಂಚೆ ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೆ ಒಂದು ಫೋನ್ ಮಾಡಿರಿ.

ಬೇರೆ ಕಡೆ ಕಳಿಸುವುದಾದರೆ ಪೂರ್ತಿ ಕಳಿಸಿ. "ತಾಲ್ಲೂಕು ಆಫೀಸಿಗೆ ಹೋಗಿ" ಅಂದರೆ ಅದು ಉತ್ತರ ಅಲ್ಲ, ಸಾಗಹಾಕೋದು. ನಾನು ಹಾಗೆ ಕಳಿಸಿದ ಒಬ್ಬ ಅಮ್ಮ ಒಂದೇ ಕೆಲಸಕ್ಕೆ ಮೂರು ಸಲ ಬಸ್ಸು ಹತ್ತಿದರು. ಮೊದಲ ಸಲ ಜೆರಾಕ್ಸ್ ಇರಲಿಲ್ಲ, ಎರಡನೇ ಸಲ ಕೌಂಟರ್ ಬೇರೆ, ಮೂರನೇ ಸಲ ಊಟದ ಹೊತ್ತು. ಮೂರು ದಿನದ ಕೂಲಿ ಹೋಯಿತು. ತಪ್ಪು ಆಫೀಸಿನದಷ್ಟೇ ಅಲ್ಲ. ಈಗ ಚೀಟಿಯಲ್ಲಿ ಬರೆದುಕೊಡುತ್ತೇನೆ: ಯಾವ ಕೌಂಟರ್, ಯಾವ ಕಾಗದ, ಎಷ್ಟು ಜೆರಾಕ್ಸ್, ಎಷ್ಟು ಹೊತ್ತಿಗೆ. ಅದಕ್ಕಿಂತ ಮುಂಚೆ ಅಲ್ಲಿಗೆ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳುತ್ತೇನೆ. ಓದುಗರ ಸಮಯ ಉಳಿಸಿ ಅನ್ನೋದು ಗ್ರಂಥಾಲಯ ವಿಜ್ಞಾನದ ರಂಗನಾಥನ್ ಅವರು 1931ರಲ್ಲಿ ಬರೆದ ಐದು ಸೂತ್ರಗಳಲ್ಲಿ ನಾಲ್ಕನೆಯದು. ಪರೀಕ್ಷೆಗೆ ಓದಿದ್ದೆ. ತಿಳಿದದ್ದು ಆ ಅಮ್ಮನ ಮೂರನೇ ಬಸ್ ಟಿಕೆಟ್ ನೋಡಿದಾಗ.

ಪ್ರಶ್ನೆ ಪುಸ್ತಕ

ನೂರು ಪುಟದ ಒಂದು ನೋಟ್‌ಬುಕ್ ಸಾಕು. ತಾರೀಖು, ಅವರು ಕೇಳಿದ್ದು, ನಿಜವಾಗಿ ಬೇಕಿದ್ದದ್ದು, ಎಲ್ಲಿ ಸಿಕ್ಕಿತು. ನಾಲ್ಕೇ ಮನೆ, ಅಂದರೆ ಕಾಲಂ. ಹೆಸರು ಬರೆಯಬೇಡಿ, ಯಾವಾಗಲೂ. ಎರಡನೇ ಮನೆಗೂ ಮೂರನೇ ಮನೆಗೂ ಎಷ್ಟು ದೂರ ಇರುತ್ತದೆ ಅಂತ ತಿಂಗಳ ಕೊನೆಗೆ ಓದಿ ನೋಡಿ, ನಿಮಗೇ ನಗು ಬರುತ್ತದೆ. ಅದೇ ಪ್ರಶ್ನೆ ಮತ್ತೆ ಬಂದರೆ ಹುಡುಕಬೇಕಾಗಿಲ್ಲ. ಹೊಸ ಪುಸ್ತಕಕ್ಕೆ ದುಡ್ಡು ಬಂದಾಗ ಏನು ತರಿಸಬೇಕು ಅಂತ ಪಿಡಿಒ ಅವರ ಮುಂದೆ ಇಡೋದಕ್ಕೂ ಇದೇ ಆಧಾರ. ಅಡಿಕೆಯ ಎಲೆಚುಕ್ಕೆ ರೋಗದ ಪ್ರಶ್ನೆ ಪುಟಕ್ಕೆರಡು ಇದ್ದದ್ದು ತೋರಿಸಿದ ಮೇಲೇ ನಮಗೆ ತೋಟಗಾರಿಕೆಯ ಹೊಸ ಪುಸ್ತಕಗಳು ಬಂದದ್ದು.

ನನ್ನ ಪುಸ್ತಕದಲ್ಲಿ ನಾಲ್ಕನೇ ಮನೆ ಖಾಲಿ ಇರುವ ಸಾಲುಗಳೂ ಇವೆ. ಒಂದು ಸಾಲು ಎರಡು ವರ್ಷದಿಂದ ಹಾಗೇ ಇದೆ. ಅಜ್ಜಿಯೊಬ್ಬರು ತಮ್ಮ ತಾಯಿ ಹೇಳುತ್ತಿದ್ದ ಒಂದು ಸೋಬಾನೆ ಪದ ಪೂರ್ತಿ ಬೇಕು ಅಂತ ಕೇಳಿದ್ದರು. ಅವರಿಗೆ ನೆನಪಿದ್ದದ್ದು ಎರಡೇ ಸಾಲು. ಇದ್ದ ಜಾನಪದ ಪುಸ್ತಕಗಳಲ್ಲಿ ಸಿಗಲಿಲ್ಲ. ಸುತ್ತಲಿನ ನಾಲ್ವರು ಹಿರಿಯ ಹೆಂಗಸರ ಹತ್ತಿರ ಹಾಡಿಸಿ ಬರೆದುಕೊಂಡೆ. ನಾಲ್ಕೂ ಬೇರೆ ಬೇರೆ. ಅಜ್ಜಿ ನಾಲ್ಕನ್ನೂ ಕೇಳಿ, "ಚೆನ್ನಾಗಿದೆ, ನಮ್ಮವ್ವಂದು ಇದಲ್ಲ" ಅಂದರು. ಐದನೆಯವರು ಒಬ್ಬರಿದ್ದಾರಂತೆ, ತೀರ್ಥಹಳ್ಳಿ ಕಡೆ ಮಗಳ ಮನೆಯಲ್ಲಿ. ಅಡಿಕೆ ಕೊಯ್ಲು ಮುಗಿದ ಮೇಲೆ ಊರಿಗೆ ಬರ್ತಾರಂತೆ.